ನಾಲ್ಕೂವರೆ ಗಂಟೆಯ ಮದ್ರಾಸು

ಮೈಸೂರಿನವರಿಗೆ ಅರಮನೆ ಇದೆ, ಬೆಟ್ಟ ಇದೆ, ಕೆರೆ ಇದೆ, ಮೃಗಾಲಯ ಇದೆ. ಸಮುದ್ರ ಒಂದಿಲ್ಲ. ಹತ್ತಿರದ ಸಮುದ್ರ ಯಾವುದು ಅಂತ ಮ್ಯಾಪು ಹರಡಿಕೊಂಡು ಕೂತರೆ ಬೆರಳು ತಾನಾಗಿ ಪಶ್ಚಿಮಕ್ಕೆ ಹೋಗುತ್ತದೆ. ಕೋಳಿಕೋಡು, ಕಣ್ಣೂರು, ಮಂಗಳೂರು. ಆದರೆ ಕೋಳಿಕೋಡಿನ ರಸ್ತೆ ಬಂಡೀಪುರದ ಕಾಡಿನ ಮಧ್ಯೆ ಹಾದು ಹೋಗುತ್ತದೆ. 2009ರಿಂದ ಅಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನಗಳಿಗೆ ನಿಷೇಧ. ಆನೆಗಳಿಗೆ ಒಳ್ಳೆಯದಾಯಿತು, ಬಿಡಿ. ಆದರೆ ಒಂಬತ್ತರೊಳಗೆ ಗೇಟು ದಾಟಬೇಕು ಅನ್ನೋ ಆತಂಕದಲ್ಲಿ ಸಮುದ್ರದ ಮುಂದೆ ಯಾರು ಕೂರುತ್ತಾರೆ? ಮಂಗಳೂರಿಗೆ ರೈಲಿದೆ, ಹಾಸನದ ಮೇಲೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರಿಗೆ 57 ಸುರಂಗ, ಅಲ್ಲಿ ರೈಲು ತೆವಳಿಕೊಂಡೇ ಇಳಿಯಬೇಕು. ಮೈಸೂರಿಂದ ಅದಕ್ಕೆ ರಾತ್ರಿ ಹತ್ತಬೇಕು.

ಈ ರಾತ್ರಿ ಅನ್ನೋದೇ ನಮ್ಮ ಗುಂಪಿನ ತೊಂದರೆ.

ನಾವು ಸಂಜೆ ಐದೂವರೆಗೆ ಬಡಾವಣೆಯ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕಿ, ಆಮೇಲೆ ಎಂಟು ಸುತ್ತಿನಷ್ಟು ಹೊತ್ತು ಕಲ್ಲುಬೆಂಚಿನ ಮೇಲೆ ಕೂರುವ ಹೆಂಗಸರು. ಎಲ್ಲರೂ ಐವತ್ತು ದಾಟಿದವರು. ಹಗಲು ಹೇಗೋ ಮನೆ ಬಿಟ್ಟು ಇರಬಹುದು, ರಾತ್ರಿ ಮಾತ್ರ ಆಗದು. ನಮ್ಮತ್ತೆ ಹಾಸಿಗೆ ಹಿಡಿದು ನಾಲ್ಕು ವರ್ಷ. ರಾತ್ರಿ ಎರಡು ಸಲ ಎದ್ದು ಮಗ್ಗುಲು ಬದಲಾಯಿಸಬೇಕು. ನಮ್ಮನೆಯವರು ಹಗಲು ಚೆನ್ನಾಗೇ ನೋಡಿಕೊಳ್ಳುತ್ತಾರೆ, ಆದರೆ ಒಮ್ಮೆ ಮಲಗಿದರೆ ಕುಂಭಕರ್ಣನ ತಮ್ಮ. ಬ್ಯಾಂಕ್ ಅಕ್ಕನ ಯಜಮಾನರಿಗೆ ವಾರಕ್ಕೆ ಮೂರು ಡಯಾಲಿಸಿಸ್. ಮೆಸ್ ನಡೆಸುವ ಅಕ್ಕ ಬೆಳಿಗ್ಗೆ ನಾಲ್ಕಕ್ಕೆ ಇಡ್ಲಿ ಪಾತ್ರೆ ಒಲೆ ಮೇಲಿಡದಿದ್ದರೆ ಮೂವತ್ತು ಹುಡುಗರು ಹಸಿದು ಕಾಲೇಜಿಗೆ ಹೋಗುತ್ತಾರೆ. ಮೂಲೆಮನೆ ಅಕ್ಕನದು ಇವೆಲ್ಲಕ್ಕಿಂತ ಹಳೇ ಕಥೆ. ಅವರಿಗೆ ಅರವತ್ತೆಂಟು. ಮಗನಿಗೆ ಮೂವತ್ತಾರು, ಬುದ್ಧಿ ಮಾತ್ರ ಐದಾರು ವರ್ಷದ ಮಗುವಿನದು. ಚಿಕ್ಕವನಿದ್ದಾಗ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ವರ್ಷಗಟ್ಟಲೆ ಕರೆದುಕೊಂಡು ಓಡಾಡಿದ್ದಾರೆ. ಅಲ್ಲಿ ಕಲಿತ ಮಾತು ಅವನಿಗೆ ಈಗಲೂ ಬರುತ್ತೆ. ಆದರೆ ಅನ್ನ ಅಮ್ಮನೇ ಕಲಸಬೇಕು, ರಾತ್ರಿ ಅಮ್ಮ ಪಕ್ಕದಲ್ಲಿರಬೇಕು. ಮೂವತ್ತಾರು ವರ್ಷದಲ್ಲಿ ಅಕ್ಕ ಒಂದೇ ಒಂದು ರಾತ್ರಿ ಅವನನ್ನು ಬಿಟ್ಟು ಇದ್ದವರಲ್ಲ.

ಅವರ ಯಜಮಾನರು ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿದ್ದವರು. ಬೋಗಿ ರಿಪೇರಿ ಕೆಲಸ. ತೀರಿಕೊಂಡು ಆರು ವರ್ಷವಾಯಿತು. "ಪಾಸ್ ಇತ್ತು ಕಣಮ್ಮ, ಪುರುಸೊತ್ತು ಇರ್ಲಿಲ್ಲ. ಇವ್ರು ಅಷ್ಟೊಂದು ಬೋಗಿ ರಿಪೇರಿ ಮಾಡಿದ್ರಲ್ಲ, ನಾನು ಒಂದ್ರಲ್ಲೂ ಕೂತು ದೂರ ಹೋಗ್ಲಿಲ್ಲ" ಅಂತ ಒಂದು ಸಂಜೆ ಹೇಳಿದರು. ಗೋಳಾಟದ ದನಿ ಅಲ್ಲ, ಹೂಕೋಸಿನ ರೇಟು ಹೇಳಿದ ಹಾಗೆ ಹೇಳಿದ್ದು. ಸಮುದ್ರ ನೋಡಿದ್ದೀರಾ ಅಂದಿದ್ದಕ್ಕೆ, "ಸಿನಿಮಾದಲ್ಲಿ" ಅಂದರು.

ಹಾಗಾದರೆ ಒಂದೇ ದಿನದಲ್ಲಿ ಹೋಗಿ ಬರುವ ಸಮುದ್ರ ಇದೆಯಾ? ಹುಡುಕಿದಾಗ ಸಿಕ್ಕಿದ್ದು ಪಶ್ಚಿಮದ್ದಲ್ಲ, ಪೂರ್ವದ್ದು. ಹತ್ತಿರದ್ದಲ್ಲ, ಸುಮಾರು ಐನೂರು ಕಿಲೋಮೀಟರ್ ದೂರದ್ದು. ಚೆನ್ನೈಗೆ ಮೈಸೂರಿಂದ ಶತಾಬ್ದಿ ಎಷ್ಟೋ ವರ್ಷದಿಂದ ಇದೆ, 2022ರ ನವೆಂಬರಿನಲ್ಲಿ ವಂದೇ ಭಾರತ್ ಕೂಡ ಬಂತು. ಆದರೆ ಅವೆರಡೂ ಇಲ್ಲಿಂದ ಹೊರಡುವುದು ಮಧ್ಯಾಹ್ನದ ಊಟದ ಹೊತ್ತಿಗೆ. ಅಲ್ಲಿ ಮುಟ್ಟುವಾಗ ರಾತ್ರಿ. 2024ರಲ್ಲಿ ಬಂದ ಎರಡನೇ ವಂದೇ ಭಾರತ್ ನಮಗೋಸ್ಕರ ಯಾರೋ ಪುಣ್ಯಾತ್ಮರು ಬರೆದ ವೇಳಾಪಟ್ಟಿ. ಬೆಳಿಗ್ಗೆ ಆರಕ್ಕೆ ಮೈಸೂರು ಬಿಟ್ಟರೆ ಹನ್ನೆರಡೂವರೆಯೊಳಗೆ ಚೆನ್ನೈ. ಸಂಜೆ ಐದಕ್ಕೆ ಅಲ್ಲಿಂದ ಹೊರಟರೆ ರಾತ್ರಿ ಹನ್ನೊಂದೂ ಇಪ್ಪತ್ತಕ್ಕೆ ಮೈಸೂರು. ಮಧ್ಯೆ ಸಿಗುವುದು ನಾಲ್ಕೂವರೆ ಗಂಟೆ. "ಹದಿಮೂರು ಗಂಟೆ ರೈಲಲ್ಲಿ ಕೂತು ನಾಲ್ಕೂವರೆ ಗಂಟೆ ನೋಡೋದಾ?" ಅಂತ ನನ್ನ ಮಗ ಬೆಂಗಳೂರಿಂದ ಫೋನಿನಲ್ಲೇ ನಕ್ಕ. ಅವನಿಗೆ ಗೊತ್ತಾಗೋದಿಲ್ಲ. ಹದಿಮೂರು ಗಂಟೆ ಕೂತಿರೋದು, ಅದೂ ಬೇರೆಯವರು ಕಾಫಿ ತಂದುಕೊಡುವ ಕಡೆ, ನಮಗೆ ಅದೂ ಪ್ರವಾಸವೇ.

ತಿಂಗಳಿಗೆ ಇನ್ನೂರರಂತೆ ಹದಿನಾಲ್ಕು ತಿಂಗಳು ಚೀಟಿ ಕಟ್ಟಿದೆವು. ಹೋಗಿ ಬರುವ ಟಿಕೆಟ್ಟಿಗೆ ತಲೆಗೆ ಎರಡೂವರೆ ಸಾವಿರದ ಆಸುಪಾಸು. (ಮೊದಲು ರೈಲಿನಲ್ಲಿ ಐವತ್ತೆಂಟು ದಾಟಿದ ಹೆಂಗಸರಿಗೆ ಅರ್ಧ ರೇಟು ರಿಯಾಯಿತಿ ಅಂತ ಒಂದಿತ್ತು, 2020ರ ಮಾರ್ಚಿನಲ್ಲಿ ನಿಲ್ಲಿಸಿದ್ದು ಮತ್ತೆ ಬರಲಿಲ್ಲ. ಆ ಮಾತು ಬಂದರೆ ಬ್ಯಾಂಕ್ ಅಕ್ಕನಿಗೆ ಬಿ.ಪಿ. ಏರುತ್ತದೆ.) ದುಡ್ಡು ಹೊಂದಿಸೋದು ಸುಲಭವಾಯಿತು. ಕಷ್ಟವಾದದ್ದು ಮನೆಗಳನ್ನು ಹೊಂದಿಸೋದು. ಹನ್ನೊಂದು ಜನ ಹೆಸರು ಕೊಟ್ಟವರು ಕೊನೆಗೆ ಒಂಬತ್ತಾದೆವು.

ಮೂಲೆಮನೆ ಅಕ್ಕ ಮಾತ್ರ ಚೀಟಿ ಕಟ್ಟುತ್ತಾ ಬಂದರೂ "ನಾನು ಬರೋಲ್ಲ, ನನ್ನ ದುಡ್ಡಲ್ಲಿ ಬೇರೆ ಯಾರಾದ್ರೂ ಹೋಗಿ" ಅಂತ ಹೇಳುತ್ತಲೇ ಇದ್ದರು. ಮಗನನ್ನು ಕರೆದುಕೊಂಡು ಹೋಗೋಣವೆಂದರೆ ಅವನಿಗೆ ಮುಚ್ಚಿದ ಬಾಗಿಲು, ಎ.ಸಿ. ಸದ್ದು ಆಗೋದಿಲ್ಲ. ಇಂಥ ಮಕ್ಕಳನ್ನು ಒಂದು ದಿನದ ಮಟ್ಟಿಗೆ ನಂಬಿ ಬಿಟ್ಟು ಹೋಗುವ ಜಾಗ ನಮ್ಮ ಬಡಾವಣೆಯಲ್ಲಂತೂ ಇಲ್ಲ. ಕೊನೆಗೆ ಟೀಚರಕ್ಕನ ಯಜಮಾನರು, ರಿಟೈರಾದ ಹೈಸ್ಕೂಲು ಮೇಷ್ಟ್ರು, "ನಾನಿರ್ತೀನಿ ಹೋಗ್ರಮ್ಮ. ಮೂವತ್ತು ವರ್ಷ ಎಂಟನೇ ಕ್ಲಾಸಿನ ಹುಡುಗರನ್ನ ಸುಧಾರಿಸಿದೀನಿ" ಅಂದರು. ಅದಕ್ಕೆ ಎರಡು ತಿಂಗಳು ತಾಲೀಮು ನಡೆಯಿತು. ಮೇಷ್ಟ್ರು ದಿನಾ ಸಂಜೆ ಅವರ ಮನೆಗೆ ಹೋಗಿ ಅವನ ಜೊತೆ ಚೌಕಾಬಾರ ಆಡೋದು, ಅಕ್ಕ ಮೊದಲು ಅರ್ಧ ಗಂಟೆ, ಆಮೇಲೆ ಎರಡು ಗಂಟೆ ಹೊರಗೆ ಬಂದು ಪಾರ್ಕಿನಲ್ಲಿ ಕೂರೋದು. ಆಟದಲ್ಲಿ ಅವನು ಮೇಷ್ಟ್ರನ್ನು ಸೋಲಿಸುತ್ತಿದ್ದ. ಅನ್ನ ಮಾತ್ರ ಮೇಷ್ಟ್ರ ಕೈಯಿಂದ ಒಂದು ದಿನವೂ ತಿನ್ನಲಿಲ್ಲ.

ಫೆಬ್ರವರಿಯ ಆ ಬೆಳಿಗ್ಗೆ ಐದೂವರೆಗೆ ಸ್ಟೇಷನ್ನಿನಲ್ಲಿ ಎಲ್ಲರೂ ಸೇರಿದಾಗ ಅಕ್ಕನೂ ಇದ್ದರು. ರೇಷ್ಮೆ ಅಂಚಿನ ಹತ್ತಿ ಸೀರೆ, ಕೈಯಲ್ಲಿ ಸ್ಟೀಲ್ ಡಬ್ಬಿ. ಮಗ ಏಳುವ ಮುಂಚೆ ಬಂದಿದ್ದರು. ಯಾರೂ ಅದರ ಬಗ್ಗೆ ಏನೂ ಕೇಳಲಿಲ್ಲ.

ಶ್ರೀರಂಗಪಟ್ಟಣ ದಾಟುವಾಗ ಇನ್ನೂ ಕತ್ತಲೆ. ಅಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆ ಜೋಡಿ ಹಳಿಗೆ ಅಡ್ಡ ಇತ್ತು. 2017ರಲ್ಲಿ ಅದನ್ನು ಒಡೆಯದೆ ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು ಅಂತ ಟೀಚರಕ್ಕ ಪಾಠ ಶುರು ಮಾಡಿದರು. "ಮನೇನೇ ಎತ್ತಿ ಸರಿಸಿದ್ರಾ? ನಮ್ಮತ್ತೇನ ಮಂಚದಿಂದ ಕುರ್ಚಿಗೆ ಸರಿಸೋಕೆ ಇಬ್ಬರು ಬೇಕು" ಅಂತ ನಾನಂದೆ. ಬೋಗಿ ಇಡೀ ತಿರುಗಿ ನೋಡುವಂತೆ ನಕ್ಕೆವು. ಬೆಂಗಳೂರಿನಲ್ಲಿ ಲ್ಯಾಪ್‌ಟಾಪಿನ ಹುಡುಗರು ಹತ್ತಿದ ಮೇಲೆ ದನಿ ಸ್ವಲ್ಪ ಇಳಿಸಿದೆವು, ತಿಂಡಿ ಇಳಿಸಲಿಲ್ಲ. ಪುಳಿಯೋಗರೆ, ಕೋಡುಬಳೆ, ಚಪಾತಿ ಚಟ್ನಿಪುಡಿ. ಮೆಸ್ಸಿನ ಅಕ್ಕ ಮಾತ್ರ ಏನೂ ತಂದಿರಲಿಲ್ಲ. "ಇವತ್ತು ನಾನು ಮಾಡೋಲ್ಲ, ನೀವು ಕೊಟ್ಟಿದ್ದು ತಿಂತೀನಿ" ಅಂತ ಮೊದಲೇ ಹೇಳಿಬಿಟ್ಟಿದ್ದರು. ಕಾಟ್ಪಾಡಿ ಬರುವ ಮುಂಚೆ ಅರ್ಧ ಜನ ನಿದ್ದೆ ಹೋಗಿದ್ದರು. ಪ್ರವಾಸದಲ್ಲಿ ನಿದ್ದೆ ಮಾಡೋದು ದಂಡ ಅಂತಾರೆ. ರಾತ್ರಿ ನಿದ್ದೆ ಇಲ್ಲದವರಿಗೆ ಎರಡು ಗಂಟೆ ಯಾರೂ ಎಬ್ಬಿಸದ ನಿದ್ದೆ ಅಂದರೆ ಏನು ಅಂತ ಗೊತ್ತಿದ್ದವರು ಹಾಗನ್ನೋದಿಲ್ಲ.

ಚೆನ್ನೈ ಇನ್ನು ಸ್ವಲ್ಪ ದೂರ ಇದೆ ಅನ್ನುವಾಗ ಎದುರು ಸೀಟಿನಲ್ಲಿದ್ದ ಒಬ್ಬರು ರೈಲ್ವೆಯವರು ಕಿಟಕಿ ಕಡೆ ಕೈ ತೋರಿಸಿ, "ಇದೇ ನೋಡಿ ಪೆರಂಬೂರು, ಐ.ಸಿ.ಎಫ್. ಈ ವಂದೇ ಭಾರತ್ ಹುಟ್ಟಿದ್ದು ಇಲ್ಲೇ" ಅಂದರು. ಇಂಟೆಗ್ರಲ್ ಕೋಚ್ ಫ್ಯಾಕ್ಟರಿ, 1955ರಲ್ಲಿ ಶುರುವಾದದ್ದು. ವಂದೇ ಭಾರತ್‌ನ ಮೊದಲ ರೈಲು 2018ರಲ್ಲಿ ಅಲ್ಲೇ ತಯಾರಾಗಿ ಹೊರಬಂತು. ಮೂಲೆಮನೆ ಅಕ್ಕ ತಟ್ಟನೆ ಎದ್ದು ನಿಂತರು. ನಮಗ್ಯಾರಿಗೂ ಅರ್ಥವಾಗಲಿಲ್ಲ. ಅವರು ಕಿಟಕಿ ಗಾಜಿಗೆ ಹಣೆ ತಾಗಿಸಿ, ಹಾದುಹೋಗುವ ಕಾಂಪೌಂಡು, ಶೆಡ್ಡು, ಸಾಲಾಗಿ ನಿಂತ ಬೋಗಿಗಳನ್ನು ನೋಡುತ್ತಾ ನಿಂತರು. ಆಮೇಲೆ ಕೂತು ಹೇಳಿದರು: "ಮನೆಗೆ ಬಂದ್ರೆ ಇವ್ರ ಬಾಯಲ್ಲಿ ಅದೇ. ಪೆರಂಬೂರಿಂದ ಬಂದ ಬೋಗಿ ಹಂಗಿದೆ, ಪೆರಂಬೂರಿನೋರು ಹಿಂಗ್ ಮಾಡಿದಾರೆ. ನಾನು ಪೆರಂಬೂರು ಅಂದ್ರೆ ಯಾವ್ದೋ ಆಫೀಸರ್ ಹೆಸರು ಅನ್ಕೊಂಡಿದ್ದೆ." ಅವರು ನಕ್ಕ ಮೇಲೆ ನಾವೂ ನಕ್ಕೆವು.

ಸೆಂಟ್ರಲ್ ಸ್ಟೇಷನ್ನಿನಿಂದ ಮರೀನಾ ಕಡೆಗೆ ಮೇಲ್ಸೇತುವೆ ರೈಲು ಇದೆ. ಚೆನ್ನೈಯವರು ಅದನ್ನು ಹಾರುವ ರೈಲು ಅಂತಾರಂತೆ. ಆದರೆ ಆ ಎತ್ತರದ ಮೆಟ್ಟಿಲುಗಳಿಗೆ ನಮ್ಮ ಒಂಬತ್ತು ಜೊತೆ ಮಂಡಿಗಳಲ್ಲಿ ಐದು ಜೊತೆ ಒಪ್ಪಲಿಲ್ಲ. ಮೂರು ಆಟೋ ಹಿಡಿದೆವು.

ಒಂದು ವಿಷಯ ಹೋಗುವವರಿಗೆ ಮೊದಲೇ ಹೇಳಿಬಿಡಬೇಕು. ಈ ರೈಲಿನ ವೇಳೆಗೂ ದೇವರ ವೇಳೆಗೂ ಹೊಂದೋದಿಲ್ಲ. ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿ ದೇವಸ್ಥಾನ ಮರೀನಾಕ್ಕೆ ಹತ್ತಿರವೇ, ಆದರೆ ನೀವು ಮುಟ್ಟುವ ಹೊತ್ತಿಗೆ ನಡೆ ಹಾಕಿರುತ್ತಾರೆ, ಮತ್ತೆ ತೆರೆಯೋದು ನಾಲ್ಕಕ್ಕೆ. ಐದರ ರೈಲಿಗೆ ನಾಲ್ಕೂವರೆಗಾದರೂ ಸ್ಟೇಷನ್ನಿನಲ್ಲಿರಬೇಕು. ನಮ್ಮಲ್ಲಿ ಮೂವರಿಗೆ, ಮೀಸೆ ಹೊತ್ತ ಆ ಪಾರ್ಥಸಾರಥಿಯನ್ನು ನೋಡಲೇಬೇಕೆಂಬ ಆಸೆ. ಆ ಜಗಳ ಆಮೇಲೆ ಬರುತ್ತೆ.

ಮರೀನಾದ ರಸ್ತೆಯಲ್ಲಿ ಒಂದು ದುಂಡನೆಯ ಹಳೇ ಕಟ್ಟಡ ಇದೆ, ಈಗ ವಿವೇಕಾನಂದರ್ ಇಲ್ಲಂ ಅಂತಾರೆ. ಮೊದಲು ಅದು ಐಸ್ ಹೌಸ್. 1842ರಲ್ಲಿ ಕಟ್ಟಿದ್ದು, ಅಮೆರಿಕದಿಂದ ಹಡಗಿನಲ್ಲಿ ಬಂದ ಮಂಜುಗಡ್ಡೆ ಇಡುವುದಕ್ಕೆ. ಅಮೆರಿಕದಿಂದ ವಾಪಸಾದ ವಿವೇಕಾನಂದರು 1897ರ ಫೆಬ್ರವರಿಯಲ್ಲಿ ಅಲ್ಲೇ ಒಂಬತ್ತು ದಿನ ಇದ್ದರು. ಅವರು ಅಮೆರಿಕಕ್ಕೆ ಹೋಗಲು ಮದ್ರಾಸಿನಲ್ಲಿ ಮನೆ ಮನೆ ತಿರುಗಿ ದುಡ್ಡು ಎತ್ತಿದ ಅಳಸಿಂಗ ಪೆರುಮಾಳ್ ಹುಟ್ಟಿದ್ದು ನಮ್ಮ ಚಿಕ್ಕಮಗಳೂರಿನಲ್ಲಿ. ಅದನ್ನು ಆಟೋದಿಂದಲೇ ನೋಡಿದೆವು. ಸಮುದ್ರದ ಪಕ್ಕದಲ್ಲೇ ಜಯಲಲಿತಾ ಅವರ ಸ್ಮಾರಕವೂ ಇದೆ. 1948ರಲ್ಲಿ ಮೇಲುಕೋಟೆಯಲ್ಲಿ ಹುಟ್ಟಿದ ಹುಡುಗಿ, 'ಚಿನ್ನದ ಗೊಂಬೆ'ಯಲ್ಲಿ ನಮ್ಮ ಅಮ್ಮಂದಿರು ಮೆಚ್ಚಿದ ಹುಡುಗಿ, ಕೊನೆಗೆ ಮಲಗಿದ್ದು ಈ ಮರಳಿನ ದಂಡೆಯಲ್ಲಿ. ಮೆಸ್ಸಿನ ಅಕ್ಕನಿಗೆ ಅಲ್ಲಿ ಇಳಿಯಬೇಕಿತ್ತು. ಮೊದಲು ಸಮುದ್ರ, ಆಮೇಲೆ ಜಯಲಲಿತಾ ಅಂತ ಸಮಾಧಾನ ಮಾಡಿದೆವು.

ಮರೀನಾ ಅಂದರೆ ರಸ್ತೆ ದಾಟಿದ ಕೂಡಲೇ ನೀರು ಅಂದುಕೊಂಡಿದ್ದೆ. ಅಲ್ಲ. ಮರಳೇ ಒಂದು ಮೈದಾನ. ಮಂಡಿ ನೋವಿನವರಿಗೆ ಆ ಮರಳಿನಲ್ಲಿ ಹತ್ತು ಹೆಜ್ಜೆ ಅಂದರೆ ಚಾಮುಂಡಿ ಬೆಟ್ಟದ ನೂರು ಮೆಟ್ಟಿಲು. 2022ರಲ್ಲಿ ಅಲ್ಲಿ ಗಾಲಿಕುರ್ಚಿಯವರಿಗೆಂದು ಮರದ ಹಲಗೆಯ ದಾರಿ ಮಾಡಿದ್ದಾರೆ, ಮರಳಿನ ಮೇಲೆ ನೀರಿನ ಸಮೀಪದವರೆಗೂ ಹೋಗುತ್ತದೆ. ಕಟ್ಟಿದ ಹದಿನೈದು ದಿನದೊಳಗೆ ಮಾಂಡೌಸ್ ಚಂಡಮಾರುತ ಅದನ್ನು ಮುರಿದಿತ್ತು, ಮತ್ತೆ ಸರಿ ಮಾಡಿದರು. ಆಟೋದವರಿಗೆ "ರ‍್ಯಾಂಪ್, ರ‍್ಯಾಂಪ್" ಅಂತ ಹೇಳಿ ಅಲ್ಲೇ ಇಳಿದೆವು. ಮೂಲೆಮನೆ ಅಕ್ಕ ಕಂಬಿ ಹಿಡಿದು ಹಲಗೆಯ ಮೇಲೆ ನಿಧಾನವಾಗಿ ನಡೆದರು. ಮಧ್ಯೆ ಒಂದು ಸಲ ನಿಂತು, "ಸದ್ದು ಮಾಡ್ತಾನೇ ಇರತ್ತಲ್ಲ" ಅಂದರು. ಸಿನಿಮಾದಲ್ಲಿ ಹಾಡು ಮುಗಿದ ಮೇಲೆ ಸಮುದ್ರದ ಸದ್ದೂ ನಿಲ್ಲುತ್ತದೆ, ಅಲ್ಲವೇ?

ಸೂರ್ಯ ಬೆನ್ನ ಹಿಂದೆ ಇದ್ದ. ಪೂರ್ವದ ಸಮುದ್ರದಲ್ಲಿ ಅವನು ಮುಳುಗೋದಿಲ್ಲ, ಹುಟ್ಟುತ್ತಾನೆ ಅಷ್ಟೇ. ಹಾಗಾಗಿ ಮಧ್ಯಾಹ್ನದ ಮೇಲೆ ಕಣ್ಣಿಗೆ ಬಿಸಿಲು ಹೊಡೆಯದೆ ನೀರು ಪೂರಾ ಕಾಣುತ್ತದೆ. ಇಲ್ಲಿ ಅಲೆಗಳ ಸೆಳೆತ ಜೋರು, ಸ್ನಾನಕ್ಕೆ ಬಿಡೋದಿಲ್ಲ. ಕಾಲು ನೆನೆಸುವಷ್ಟಕ್ಕೆ ಅಡ್ಡಿ ಇಲ್ಲ. ಒಬ್ಬರ ಕೈ ಒಬ್ಬರು ಹಿಡಿದು ಸಾಲಾಗಿ ನಿಂತೆವು. ಮೊದಲ ಅಲೆ ಕಾಲ ಕೆಳಗಿನ ಮರಳು ಎಳೆದುಕೊಂಡು ಹೋದಾಗ ಬ್ಯಾಂಕ್ ಅಕ್ಕ ಕಿಟಾರನೆ ಕಿರುಚಿದರು. ನಲವತ್ತು ವರ್ಷ ಕ್ಯಾಶ್ ಕೌಂಟರಿನಲ್ಲಿ ಗಟ್ಟಿಯಾಗಿ ಒಂದು ಮಾತಾಡದವರು.

ಎರಡೂ ನಲವತ್ತಕ್ಕೆ ಮೇಷ್ಟ್ರ ಫೋನು ಬಂತು, ಟೀಚರಕ್ಕನಿಗೆ. ಅವರು ಪಕ್ಕಕ್ಕೆ ಹೋಗಿ ಮಾತಾಡಿ ಬಂದ ಮುಖ ನೋಡಿದಾಗಲೇ ಗೊತ್ತಾಯಿತು. ಹುಡುಗ ಬೆಳಿಗ್ಗೆ ಎದ್ದು ಅಮ್ಮ ಇಲ್ಲ ಅಂತ ನೋಡಿದವನು ಮಧ್ಯಾಹ್ನದವರೆಗೂ ಸುಮ್ಮನಿದ್ದ. ಊಟಕ್ಕೆ ಕರೆದಾಗ ರೂಮಿಗೆ ಹೋಗಿ ಚಿಲಕ ಹಾಕಿಕೊಂಡಿದ್ದಾನೆ. ಒಂದು ಗಂಟೆಯಾಯಿತು, ತೆರೆಯುತ್ತಿಲ್ಲ. ಕಿಟಕಿಯಿಂದ ಕಾಣುತ್ತಾನೆ, ಮಂಚದ ಮೇಲೆ ಕೂತಿದ್ದಾನೆ. ಅಕ್ಕನಿಗೆ ಹೇಳಬೇಕೋ ಬೇಡವೋ ಅಂತ ನಾವು ಪಿಸುಗುಟ್ಟುತ್ತಿರುವಾಗ ಅವರೇ ಬಂದು, "ನನ್ ಮಗಂದಾ? ಕೊಡು ಇಲ್ಲಿ" ಅಂತ ಫೋನು ಇಸಿದುಕೊಂಡರು.

ಮೇಷ್ಟ್ರು ವಿಡಿಯೋ ಹಾಕಿ ಕಿಟಕಿ ಸರಳಿಗೆ ಫೋನು ಹಿಡಿದರು. ಅಕ್ಕ ಬೈಯಲಿಲ್ಲ, ಬೇಡಿಕೊಳ್ಳಲೂ ಇಲ್ಲ. "ಬಂದೆ ಕಣಪ್ಪ, ರಾತ್ರಿ ಬರ್ತೀನಿ. ಇಲ್ನೋಡು, ನೀರು" ಅಂತ ಫೋನು ತಿರುಗಿಸಿದರು. ಆ ಕಡೆಯಿಂದ ಸುಮಾರು ಹೊತ್ತು ಏನೂ ಇಲ್ಲ. ಆಮೇಲೆ ದಪ್ಪ ದನಿಯಲ್ಲಿ, "ಕೆ.ಆರ್.ಎಸ್ಸಾ?"

"ಹೂಂ ಕಣಪ್ಪ. ದೊಡ್ಡ ಕೆ.ಆರ್.ಎಸ್."

"ಗೇಟ್ ತೋರ್ಸು."

ಕೆ.ಆರ್.ಎಸ್.ನಲ್ಲಿ ನೀರು ಬಿಟ್ಟಾಗ ಗೇಟು ನೋಡೋದು ಅವನ ಇಷ್ಟದ ಸಂಗತಿಯಂತೆ. ಬಂಗಾಳಕೊಲ್ಲಿಗೆ ಗೇಟು ಎಲ್ಲಿಂದ ತರೋದು? ಅಕ್ಕ ಫೋನು ಹಿಡಿದುಕೊಂಡು ದಂಡೆಯ ಉದ್ದಕ್ಕೂ ನಡೆದರು. ದೂರದಲ್ಲಿ ನಿಂತ ಹಡಗು, ಕುದುರೆ ಮೇಲಿನ ಪೊಲೀಸು, ಸುಂಡಲ್ ಮಾರುವ ಹುಡುಗ, ಗಾಳಿಪಟ, ಎಲ್ಲ ತೋರಿಸಿದರು. ನಾನು ಬೀಳದಂತೆ ಪಕ್ಕದಲ್ಲೇ ನಡೆದೆ. ಇಪ್ಪತ್ತೈದು ನಿಮಿಷ. ಕೊನೆಗೆ ಚಿಲಕ ತೆಗೆದ ಸದ್ದು ಕೇಳಿತು. ಅನ್ನ ಮಾತ್ರ ಬೇಡವೇ ಬೇಡ ಅಂದ. "ಬಾಳೆಹಣ್ಣು ಕೊಡಿ ಮೇಷ್ಟ್ರೇ, ಸಾಕು" ಅಂತ ಫೋನಿಟ್ಟರು. ಸೆರಗಿನಲ್ಲಿ ಫೋನಿನ ಗಾಜು ಒರೆಸಿ ಟೀಚರಕ್ಕನಿಗೆ ಕೊಟ್ಟು, ವಾಪಸ್ ನೀರಿಗೆ ಹೋಗಿ ನಿಂತರು. ಈ ಸಲ ಯಾರ ಕೈಯನ್ನೂ ಹಿಡಿಯಲಿಲ್ಲ. ಅವರು ಅತ್ತರೋ ಇಲ್ಲವೋ ನನಗೆ ತಿಳಿಯದು, ನಾವೆಲ್ಲ ಅವರ ಬೆನ್ನು ಮಾತ್ರ ನೋಡುತ್ತಿದ್ದೆವು.

ಈಗ ಜಗಳ. ಹೊತ್ತು ಮೂರೂವರೆ ದಾಟಿತ್ತು. ಜಯಲಲಿತಾ ಕೈಬಿಟ್ಟು ಹೋದರು. ದೇವಸ್ಥಾನದವರು ಮೂವರೂ, ನಾಲ್ಕಕ್ಕೆ ಬಾಗಿಲು ತೆರೆದ ಕೂಡಲೇ ಐದು ನಿಮಿಷ ದರ್ಶನ ಮಾಡಿ ಆಟೋ ಹತ್ತೋಣ ಅಂತ ಹಠ ಹಿಡಿದರು. ದೇವಸ್ಥಾನದ ಐದು ನಿಮಿಷ ಎಷ್ಟು ಉದ್ದ ಅಂತ ಎಲ್ಲರಿಗೂ ಗೊತ್ತು. ರೈಲು ತಪ್ಪಿದರೆ ಒಬ್ಬೊಬ್ಬರ ಮನೆಯಲ್ಲೂ ಏನಾಗುತ್ತದೆ ಅಂತಲೂ ಗೊತ್ತು. ಟಿಕೆಟ್ಟು ನನ್ನ ಹತ್ತಿರ ಇದ್ದುದರಿಂದ, ಆಗೋದಿಲ್ಲ ಅಂತ ನಾನೇ ಹೇಳಿದೆ. "ಅವರ ಮಗನಿಗೆ ಅರ್ಧ ಗಂಟೆ ಇತ್ತು, ದೇವರಿಗೆ ಐದು ನಿಮಿಷ ಇಲ್ವಾ?" ಅಂತ ಒಬ್ಬರ ಬಾಯಿಂದ ಬಂದೇ ಬಿಟ್ಟಿತು. ಮೂಲೆಮನೆ ಅಕ್ಕನಿಗೆ ಕೇಳಿಸಿತು. ಅವರು ಏನೂ ಅನ್ನಲಿಲ್ಲ, ಸುಂಡಲ್ ಪೊಟ್ಟಣ ಬಿಚ್ಚಿ ಮೊದಲು ಅವರಿಗೇ ಕೊಟ್ಟರು. ಆಟೋಗಳನ್ನು ತಿರುವಲ್ಲಿಕ್ಕೇಣಿ ಮೇಲೆ ತಿರುಗಿಸಿ, ಮುಚ್ಚಿದ ಬಾಗಿಲಿಗೇ ಕೈ ಮುಗಿದು ಸೆಂಟ್ರಲ್ ಸೇರಿದಾಗ ನಾಲ್ಕೂ ಇಪ್ಪತ್ತೈದು. ಆ ಮೂವರಲ್ಲಿ ಒಬ್ಬರು ಈಗಲೂ ನನ್ನ ಜೊತೆ ಅಷ್ಟಕ್ಕಷ್ಟೇ. ನನ್ನ ಲೆಕ್ಕ ಸರಿಯಾಗೇ ಇತ್ತು ಅಂತ ನನಗೆ ಅನುಮಾನವಿಲ್ಲ, ಹಾಗಂತ ಅವರ ಬೇಜಾರು ಸುಳ್ಳೇನಲ್ಲ.

ವಾಪಸು ಬರುವಾಗ ಹೇಳುವಂಥದ್ದೇನೂ ಇಲ್ಲ. ಎಲ್ಲರ ಸೀರೆಯಿಂದಲೂ ಮರಳು ಉದುರುತ್ತಿತ್ತು, ಎಲ್ಲರೂ ಮನೆಗೆ ಫೋನು ಮಾಡುತ್ತಿದ್ದರು. ಮಾತ್ರೆ ಕೊಟ್ರಾ, ಹಾಲು ಹೆಪ್ಪು ಹಾಕಿದ್ರಾ, ಮೋಟರ್ ಆಫ್ ಮಾಡಿದ್ರಾ. ಮೈಸೂರು ಬಂದಾಗ ಹನ್ನೊಂದೂ ಇಪ್ಪತ್ತೈದು.

ಮಾರನೇ ಸಂಜೆ ಪಾರ್ಕಿನಲ್ಲಿ ಮೂಲೆಮನೆ ಅಕ್ಕ ಮಿಕ್ಕಿದ್ದು ಹೇಳಿದರು. ಅವರು ಮನೆಗೆ ಹೋದಾಗ ಮಗ ಇನ್ನೂ ಎಚ್ಚರವಿದ್ದನಂತೆ, ಮೇಷ್ಟ್ರು ಸೋಫಾದ ಮೇಲೆ ಕೂತಲ್ಲೇ ಗೊರಕೆ. ಇಡೀ ದಿನಕ್ಕೆ ನಾಲ್ಕು ಬಾಳೆಹಣ್ಣು ತಿಂದಿದ್ದ. ಹನ್ನೆರಡು ಗಂಟೆಗೆ ಅಕ್ಕ ಮೊಸರನ್ನ ಕಲಸಿದ್ದಾರೆ, ಎರಡು ತಟ್ಟೆ ತಿಂದಿದ್ದಾನೆ. ತಿನ್ನುತ್ತಾ ಅಮ್ಮನ ಕೈ ಮೂಸಿ, "ಮೀನು" ಅಂದನಂತೆ. ನೀರಿನ ಬಾಟಲಿಯಲ್ಲಿ ತುಂಬಿಸಿ ತಂದಿದ್ದ ಸಮುದ್ರದ ನೀರನ್ನು ಕೊಟ್ಟರೆ ಒಂದು ಗುಟುಕು ಕುಡಿದು ಉಗಿದು, ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟಿದ್ದಾನೆ. ಯಾರೂ ಮುಟ್ಟುವಂತಿಲ್ಲ.

"ಒಂದಿನ ಅನ್ನ ತಿನ್ನದೇ ಇದ್ರೂ ಅವನು ಇರ್ತಾನೆ ಅಂತ ಗೊತ್ತಾಯ್ತು" ಅಂದರು ಅಕ್ಕ. ಸ್ವಲ್ಪ ಹೊತ್ತು ಬಿಟ್ಟು, "ನಾನಿಲ್ದೇ ಇರ್ಬೇಕಾದ ದಿನ ಒಂದು ಬಂದೇ ಬರತ್ತಲ್ಲ" ಅಂತ ಸೇರಿಸಿದರು. ಬೆಂಚಿನ ಮೇಲೆ ಯಾರೂ ಅದಕ್ಕೆ ಉತ್ತರ ಕೊಡಲಿಲ್ಲ. ಮೆಸ್ಸಿನ ಅಕ್ಕ ಚೀಟಿ ಪುಸ್ತಕ ತೆಗೆದು, ಈ ಸಲ ಇನ್ನೂರೈವತ್ತು ಮಾಡೋಣವಾ ಅಂತ ಕೇಳಿದರು. ಟೀಚರಕ್ಕ ತಮ್ಮ ಯಜಮಾನರ ಕಡೆಯಿಂದ ಒಂದು ಷರತ್ತು ತಂದಿದ್ದರು: ಮುಂದಿನ ಸಲಕ್ಕೂ ಅವರು ಕೂರಲು ಸಿದ್ಧ, ಆದರೆ ಆ ರೂಮಿನ ಒಳಚಿಲಕ ಮೊದಲು ತೆಗೆಸಬೇಕು, ಬಾಳೆಹಣ್ಣು ಒಂದು ಡಜನ್ ಇಟ್ಟು ಹೋಗಬೇಕು.

ಬಡಗಿ ಭಾನುವಾರ ಬಂದು ಚಿಲಕ ಬಿಚ್ಚಿಕೊಂಡು ಹೋದ.